ಹಳ್ಳಿ ಪೇಟೆಯಾಯಿತು, ಗ್ರಾಮಸಭೆ ಎಲ್ಲಿ ಹೋಯಿತು? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಕಡಲ ದಂಡೆಯಲ್ಲಿ ಇಂಟರ್‌ಲಾಕ್, ಅಂದರೆ ಸಿಮೆಂಟಿನ ನೆಲಹಾಸು ಕಲ್ಲು, ಹಾಕುವ ಕೆಲಸ ಶುರುವಾಗಿರುವುದು ನಿಮಗೆ ಗೊತ್ತೇ ಇದೆ. ಕಲ್ಲು ಬಂದು ಬಿದ್ದಿದೆ, ಜೆಸಿಬಿ ಬಂದು ಹೋಗಿದೆ. ದೋಣಿ ಎಳೆಯುವ ಜಾಗವೂ ಅದರಲ್ಲೇ ಸೇರಿದೆ. ಯಾಕೆ ಹೀಗೆ ಅಂತ ಕೇಳಲು ಹೋದವರಿಗೆಲ್ಲ ಒಂದೇ ಉತ್ತರ: ಪುರಸಭೆಯ ಸಭೆಯಲ್ಲಿ ತೀರ್ಮಾನ ಆಗಿದೆ, ಟೆಂಡರ್ ಆಗಿದೆ, ಇನ್ನು ಏನೂ ಮಾಡಲಿಕ್ಕಾಗುವುದಿಲ್ಲ.

ಇಂಟರ್‌ಲಾಕ್ ಬೇಕೋ ಬೇಡವೋ ಅನ್ನುವುದರಲ್ಲಿ ಊರೇ ಎರಡು ಪಾಲಾಗಿದೆ. ದಂಡೆ ಚಂದ ಆಗಲಿ, ಸಂಜೆ ಹೊತ್ತು ನಾಲ್ಕು ಜನ ಬರಲಿ, ವ್ಯಾಪಾರ ಕುದುರಲಿ ಅನ್ನುವವರೂ ಇದ್ದಾರೆ. ಅವರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ. ನನ್ನ ತಕರಾರು ಬೇರೆ. ಆ ಸಭೆ ಯಾವಾಗ ನಡೆಯಿತು? ಯಾರೆಲ್ಲ ಇದ್ದರು? ದೋಣಿಯವರನ್ನು ಒಂದು ಮಾತು ಕೇಳಿದ್ದರೇ?

ಕೇಳಿದ್ದರೆ ಒಂದು ವಿಷಯ ಮೊದಲೇ ಗೊತ್ತಾಗುತ್ತಿತ್ತು. ನಮ್ಮಲ್ಲಿ ಬೇಸಿಗೆಯ ದಂಡೆ ಬೇರೆ, ಮಳೆಗಾಲದ ದಂಡೆ ಬೇರೆ. ಅಳತೆ ಮಾಡುವವರು ಟೇಪು ಹಿಡಿದುಕೊಂಡು ಬಂದದ್ದು ಬೇಸಿಗೆಯಲ್ಲಿ. ಆಗ ಮರಳು ಅಗಲವಾಗಿ ಹರಡಿಕೊಂಡಿರುತ್ತದೆ, ಎಷ್ಟು ಬೇಕಾದರೂ ಜಾಗ ಇದೆ ಅನ್ನಿಸುತ್ತದೆ. ಜೂನ್ ಬಂತು ಅಂದರೆ ಕಡಲು ಮರಳನ್ನು ಎಳೆದುಕೊಳ್ಳುತ್ತದೆ, ನೀರು ತೆಂಗಿನ ಬುಡದ ಹತ್ತಿರ ಬರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ಆಗ ದೋಣಿಯನ್ನು ಇನ್ನೂ ಮೇಲಕ್ಕೆ ಎಳೆದು ಇಡಬೇಕು. ಆ 'ಮೇಲೆ' ಅನ್ನುವ ಜಾಗದಲ್ಲೇ ಇನ್ನು ಕಲ್ಲು ಕೂರಲಿದೆ. ಮರಳಿನ ಮೇಲೆ ಜಾರುವ ದೋಣಿ ಸಿಮೆಂಟಿನ ಮೇಲೆ ಜಾರುವುದಿಲ್ಲ, ಅಡಿ ಉಜ್ಜಿ ಹೋಗುತ್ತದೆ. ಇದನ್ನು ಹೇಳಲಿಕ್ಕೆ ಇಂಜಿನಿಯರ್ ಬೇಕಾಗಿರಲಿಲ್ಲ. ದಂಡೆಯಲ್ಲಿ ಬಲೆ ರಿಪೇರಿ ಮಾಡುತ್ತಾ ಕೂತವರ ಹತ್ತಿರ ಐದು ನಿಮಿಷ ನಿಂತಿದ್ದರೆ ಸಾಕಿತ್ತು. ಹದಿನೈದು ಇಪ್ಪತ್ತು ಅಡಿ ಈಚೆಗೆ ಸರಿಸಿ, ನಡುವೆ ದೋಣಿಗೆ ದಾರಿ ಬಿಟ್ಟಿದ್ದರೆ ಇಬ್ಬರಿಗೂ ಆಗುತ್ತಿತ್ತೋ ಏನೋ. ಈಗ ಆ ಮಾತು ತೆಗೆದರೆ ಅಭಿವೃದ್ಧಿಗೆ ಅಡ್ಡ ಬರುವವರು ಅನ್ನುವ ಹೆಸರು ಬರುತ್ತದೆ.

ಇಲ್ಲಿ ನಾನು ಯಾವ ಸದಸ್ಯರನ್ನೂ, ಅಧಿಕಾರಿಯನ್ನೂ ದೂರುತ್ತಿಲ್ಲ. ಸಮಸ್ಯೆ ಅದಕ್ಕಿಂತ ಕೆಳಗಿದೆ.

ನಮ್ಮ ಊರು ಗ್ರಾಮ ಪಂಚಾಯತಿ ಆಗಿದ್ದಾಗ ಗ್ರಾಮಸಭೆ ನಡೆಯುತ್ತಿತ್ತು. ಶಾಲೆಯ ಸಭಾಂಗಣದಲ್ಲಿ, ಇಲ್ಲದಿದ್ದರೆ ಅಂಗಳದಲ್ಲಿ ಶಾಮಿಯಾನ ಹಾಕಿ. ನೀವೂ ಎಷ್ಟೋ ಗ್ರಾಮಸಭೆ ನೋಡಿದವರು. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಹಿಂದಿನ ಸಭೆಯ ವರದಿ ಓದಲು ಎದ್ದರೆ ಎರಡನೇ ಸಾಲಿಗೇ ಯಾರೋ ತಡೆಯುತ್ತಿದ್ದರು. ಕರೆಂಟಿನವರು ಬಂದಿಲ್ಲ, ಅರಣ್ಯದವರು ಬಂದಿಲ್ಲ, ಅವರು ಬಾರದೆ ಸಭೆ ಬೇಡ, ಮುಂದೂಡಿ! ಅರ್ಧ ಗಂಟೆ ಅದೇ ಗಲಾಟೆ. ಆಮೇಲೆ ಇಲಾಖೆಯವರಿಗೆ ಫೋನು ಹೋಗಿ, ಅವರು ಬೆವರು ಒರೆಸಿಕೊಳ್ಳುತ್ತಾ ಬಂದು ಮೈಕು ಹಿಡಿಯುತ್ತಿದ್ದರು. ಮಾತು ಶುರುವಾದರೆ ಚರಂಡಿ, ಬಾವಿಗೆ ಬಂದ ಉಪ್ಪು ನೀರು, ತಡೆಗೋಡೆಗೆ ಹಾಕಿದ ಕಲ್ಲು ಸಣ್ಣದಾಯಿತು ಅನ್ನುವುದು, ಎಲ್ಲ ಬರುತ್ತಿತ್ತು. ಎಲ್ಲಕ್ಕೂ ಪರಿಹಾರ ಸಿಗುತ್ತಿತ್ತು ಅಂತ ಸುಮ್ನೆ ಹೇಳುವುದಿಲ್ಲ. ಆದರೆ ಉತ್ತರ ಕೊಡಬೇಕಾದವರು ಉತ್ತರ ಕೇಳುವವರ ಎದುರಿಗೆ ನಿಲ್ಲಲೇಬೇಕಿತ್ತು.

ಪುರಸಭೆ ಆದ ಮೇಲೆ ಮನೆ ತೆರಿಗೆಯ ಲೆಕ್ಕ ಬೇರೆಯಾಯಿತು. ಉದ್ಯೋಗ ಖಾತರಿಯ ಕೆಲಸ ನಿಂತಿತು, ಅದು ಹಳ್ಳಿಗಳಿಗೆ ಮಾತ್ರ ತಾನೇ. ಇವೆರಡರ ಬಗ್ಗೆ ಜನ ಆಗಲೇ ಮಾತಾಡಿದ್ದರು. ಗ್ರಾಮಸಭೆಯೂ ಜೊತೆಗೇ ಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ನಮಗೂ ಹೊಳೆಯಲಿಲ್ಲ.

ಇದು ನಮ್ಮ ಒಂದು ಊರಿನ ಕತೆಯಾಗಿದ್ದರೆ ನಿಮಗೆ ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಕಾಪು, ಬೈಂದೂರು, ಜಾಲಿ, ಸೋಮೇಶ್ವರ, ಕೋಟೆಕಾರು, ಬಜ್ಪೆ, ಕಿನ್ನಿಗೋಳಿ, ಹೀಗೆ ಕರಾವಳಿಯಲ್ಲಿ ಒಂದರ ಹಿಂದೆ ಒಂದು ಗ್ರಾಮ ಪಂಚಾಯತಿಗಳು ಪಟ್ಟಣ ಪಂಚಾಯತಿಯೋ ಪುರಸಭೆಯೋ ಆಗಿವೆ. ಹೆದ್ದಾರಿ ಬದಿಯಲ್ಲಿ ಅಂಗಡಿ ಸಾಲು, ಅದರ ಹಿಂದೆ ಗದ್ದೆ, ಕಡಲ ಬದಿಯ ಊರಾದರೆ ಗದ್ದೆ ದಾಟಿದರೆ ದಂಡೆ. ಬೋರ್ಡಿನಲ್ಲಿ ಪೇಟೆ, ಬದುಕು ಅರ್ಧಕ್ಕರ್ಧ ಹಳ್ಳಿಯದ್ದೇ.

ಕಾನೂನು ನೋಡಿದರೆ ಇನ್ನೂ ಆಶ್ಚರ್ಯ. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜೊತೆಜೊತೆಗೇ ಬಂದವು, 1993ರಲ್ಲಿ ಜಾರಿಯಾದವು. ಹಳ್ಳಿಗೆ ಬಂದ ತಿದ್ದುಪಡಿಯಲ್ಲಿ ಗ್ರಾಮಸಭೆ ಇದೆ. ಪೇಟೆಗೆ ಬಂದದ್ದರಲ್ಲಿ ಅಂಥ ಜನಸಭೆ ಇಲ್ಲ. ವಾರ್ಡ್ ಸಮಿತಿ ಅಂತ ಒಂದಿದೆ, 243ಎಸ್ ವಿಧಿಯಲ್ಲಿ. ಅದು ಕಡ್ಡಾಯವಾಗುವುದು ಜನಸಂಖ್ಯೆ 3 ಲಕ್ಷ ಮುಟ್ಟಿದ ಮೇಲೆ. ನಮ್ಮ ರಾಜ್ಯದಲ್ಲಿ ಪುರಸಭೆ ಅಂದರೆ 20 ಸಾವಿರದಿಂದ 50 ಸಾವಿರ ಜನರ ಊರು. ಅಂದರೆ ಹಳ್ಳಿಯಲ್ಲಿದ್ದರೆ ಒಂದು ಸಭೆ, ಮಹಾನಗರದಲ್ಲಿದ್ದರೆ ಒಂದು ಸಮಿತಿ, ನಡುವೆ ಸಿಕ್ಕಿಕೊಂಡ ನಮ್ಮಂಥವರಿಗೆ ಏನೂ ಇಲ್ಲ. ಸಣ್ಣ ಊರಿಗೆ ಇಂಥದ್ದು ಮಾಡಬಾರದು ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. ಅದೇ 243ಎಸ್ ವಿಧಿಯ ಕೊನೆಯಲ್ಲಿ, ಬೇರೆ ಸಮಿತಿಗಳನ್ನು ಮಾಡುವ ದಾರಿಯನ್ನು ರಾಜ್ಯದ ಶಾಸಕಾಂಗಕ್ಕೆ ತೆರೆದೇ ಇಟ್ಟಿದ್ದಾರೆ. ಶಾಸಕಾಂಗ ಅಂದರೆ ನೀವೇ ಅಲ್ವಾ?

ದೂರ ಹೋಗುವುದೇ ಬೇಡ. ತಲಪಾಡಿ ದಾಟಿ ಕಾಸರಗೋಡಿಗೆ ಹೋಗಿ. ಅಲ್ಲಿಯೂ ಇದೇ ಕಡಲು, ಇದೇ ಮೀನುಗಾರರು, ಕನ್ನಡ ಮಾತಾಡುವವರೂ ಇದ್ದಾರೆ. ಕೇರಳದ ಪುರಸಭಾ ಕಾಯ್ದೆ ಬಂದದ್ದು 1994ರಲ್ಲಿ. ಒಂದು ಲಕ್ಷಕ್ಕಿಂತ ಕಡಿಮೆ ಜನ ಇರುವ ಪೇಟೆಗಳಲ್ಲಿ ಪ್ರತಿ ವಾರ್ಡಿನ ಎಲ್ಲ ಮತದಾರರೂ ಸೇರಿದ ವಾರ್ಡ್ ಸಭೆ ಅಲ್ಲಿ ಕಾನೂನಿನಲ್ಲೇ ಇದೆ. ಗ್ರಾಮಸಭೆಯ ವಿಷಯದಲ್ಲಿ ನಾವು ಯಾರಿಗೂ ಕಡಿಮೆ ಇರಲಿಲ್ಲ. ನಜೀರ್ ಸಾಬ್ ರಾಜ್ಯದ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲದಲ್ಲಿ, 73ನೇ ತಿದ್ದುಪಡಿಗೂ ಮೊದಲೇ, ಕರ್ನಾಟಕದ ಕಾಯ್ದೆಯಲ್ಲಿ ಗ್ರಾಮಸಭೆ ಬಂದಿತ್ತು. ಈಗ ನಮ್ಮ ಹಳ್ಳಿಗಳಲ್ಲಿ ಮಹಿಳಾ ಗ್ರಾಮಸಭೆ ನಡೆಯುತ್ತದೆ, ಮಕ್ಕಳ ಗ್ರಾಮಸಭೆ ಕೂಡ. ಐದನೇ ಕ್ಲಾಸಿನ ಹುಡುಗಿ ಎದ್ದು ನಿಂತು ನಮ್ಮ ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ ಅಂತ ಅಧಿಕಾರಿಯನ್ನು ಕೇಳುತ್ತಾಳೆ. ಪಕ್ಕದ ಪೇಟೆಯಲ್ಲಿರುವ ಅವಳ ದೊಡ್ಡಮ್ಮನಿಗೆ ಆ ಅವಕಾಶ ಇಲ್ಲ.

ಸದಸ್ಯರನ್ನು ಆರಿಸಿ ಕಳಿಸಿದ್ದೀರಲ್ಲ, ಅವರ ಮೂಲಕ ಕೇಳಿ ಅಂತ ನೀವು ಹೇಳಬಹುದು. ಸದಸ್ಯರ ಗತಿ ಏನಾಗಿತ್ತು ನೆನಪಿಸಿಕೊಳ್ಳಿ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪೇಟೆಗಳಲ್ಲಿ ಚುನಾವಣೆ ಆಯಿತು. ಗೆದ್ದವರಿಗೆ ಹಾರ ಬಿತ್ತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟು ಹತ್ತಿ, ಅವರು ಕುರ್ಚಿಯಲ್ಲಿ ಕೂರುವಾಗ 2020 ಮುಗಿಯುತ್ತಾ ಬಂದಿತ್ತು. ಮೊದಲ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿಯಿತು. ಮುಂದಿನ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ಆಡಳಿತಾಧಿಕಾರಿ. ಅವರ ತಲೆ ಮೇಲೆ ಮೊದಲೇ ಇಡೀ ತಾಲೂಕಿನ ಕೆಲಸ ಇರುತ್ತದೆ. ಪುರಸಭೆಯ ಕಡತ ಅವರ ಮೇಜಿಗೆ ಸಹಿಗೆ ಬರುತ್ತದೆ, ಸಹಿ ಆಗಿ ಹೋಗುತ್ತದೆ. ಅವರನ್ನು ತಪ್ಪು ಅನ್ನಲಾರೆ. ಆದರೆ ಆ ಕಾಲದಲ್ಲಿ ವಾರ್ಡಿನ ಸದಸ್ಯರ ಹತ್ತಿರ ಹೋದರೆ, ನಮಗೇ ಏನೂ ಗೊತ್ತಿಲ್ಲ ಮಾರಾಯ್ರೇ, ಪೇಪರ್ ನೋಡಿ ತಿಳಿದುಕೊಂಡದ್ದು ಅನ್ನುತ್ತಿದ್ದರು. ಅಧ್ಯಕ್ಷರಿರಲಿ ಇಲ್ಲದಿರಲಿ, ವಾರ್ಡ್ ಸಭೆ ಅಂತ ಒಂದಿದ್ದರೆ ಕನಿಷ್ಠ ಅದಾದರೂ ನಡೆಯುತ್ತಿತ್ತು.

ಇನ್ನೊಂದು ವಿಷಯ. ಮೀನು ಮಾರುಕಟ್ಟೆಯನ್ನು ಬಸ್‌ಸ್ಟ್ಯಾಂಡ್ ಹತ್ತಿರದಿಂದ ಎಬ್ಬಿಸಿ ಒಳಗಿನ ಹೊಸ ಕಟ್ಟಡಕ್ಕೆ ಕಳಿಸುತ್ತಾರೆ ಅನ್ನುವ ಸುದ್ದಿ ಓಡಾಡುತ್ತಿದೆ. ಸುದ್ದಿಯೋ ಸುಳ್ಳೋ, ಹೇಳುವವರಿಲ್ಲ. ಅಲ್ಲಿ ಹೊರಗೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರು ಬೀದಿಬದಿ ವ್ಯಾಪಾರಿಗಳು. ಅವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವ ಹಾಗಿಲ್ಲ. ಬೇರೆ ಕಡೆ ಕಳಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು. ಆ ಕಾಯ್ದೆ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಾಗದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಮ್ಮ ಊರಿನ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಬುಟ್ಟಿ ಇಟ್ಟುಕೊಂಡ ಹೆಂಗಸರನ್ನೇ ಕೇಳಿದೆ. ಅಂಥದ್ದೊಂದು ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಹೊಸ ಕಟ್ಟಡ ಎಷ್ಟೇ ಚಂದ ಇರಲಿ, ಮಧ್ಯಾಹ್ನ ಬಸ್ಸಿಳಿದು ಮನೆಗೆ ಹೋಗುವವರು ಮೀನಿಗಾಗಿ ಅರ್ಧ ಕಿಲೋಮೀಟರ್ ಒಳಗೆ ನಡೆಯುವುದಿಲ್ಲ. ಖಾಲಿ ಬಿದ್ದ ಮಾರುಕಟ್ಟೆ ಕಟ್ಟಡಗಳನ್ನು ನೀವೂ ನೋಡಿರಬಹುದು.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ವಿಧಾನಸಭೆಯ ಮುಂದಿನ ಅಧಿವೇಶನದಲ್ಲಿ ಈ ವಿಷಯ ಎತ್ತಿ. ಪಟ್ಟಣ ಪಂಚಾಯತಿ, ಪುರಸಭೆಗಳಲ್ಲಿಯೂ ಆರು ತಿಂಗಳಿಗೊಮ್ಮೆಯಾದರೂ ವಾರ್ಡಿನ ಎಲ್ಲ ಮತದಾರರ ಸಭೆ ಕಡ್ಡಾಯ ಆಗುವಂತೆ 1964ರ ಪುರಸಭೆ ಕಾಯ್ದೆಗೆ ತಿದ್ದುಪಡಿ ತನ್ನಿ ಅಂತ ಪೌರಾಡಳಿತ ಸಚಿವರನ್ನು ಕೇಳಿ. ಕರಾವಳಿಯ ಬೇರೆ ಶಾಸಕರ ಸಹಿಯೂ ಸಿಗಬಹುದು, ಪಕ್ಷ ಯಾವುದಾದರೂ ಆಗಲಿ. ಅವರ ಊರಿನಲ್ಲೂ ಇದೇ ಪಾಡು.

ಅದಕ್ಕೆಲ್ಲ ವರ್ಷಗಟ್ಟಲೆ ಹಿಡಿಯುತ್ತದೆ, ಗೊತ್ತಿದೆ. ಅಲ್ಲಿಯ ತನಕ ಕಾಯಬೇಕಾಗಿಲ್ಲದ ಕೆಲಸವೂ ಇದೆ. ಮಾಹಿತಿ ಹಕ್ಕು ಕಾಯ್ದೆ ಅಂದರೆ ಅರ್ಜಿ ಹಾಕುವುದು, ಹತ್ತು ರೂಪಾಯಿ ಕಟ್ಟುವುದು ಅಂತಲೇ ಎಲ್ಲರ ತಲೆಯಲ್ಲಿದೆ. ಅದರ 4ನೇ ಸೆಕ್ಷನ್ ಯಾರೂ ಅರ್ಜಿ ಹಾಕದೆಯೇ ಪಾಲಿಸಬೇಕಾದದ್ದು. ಜನರ ಮೇಲೆ ಪರಿಣಾಮ ಬೀರುವ ತೀರ್ಮಾನ ಪ್ರಕಟಿಸುವಾಗ ಅದಕ್ಕೆ ಸಂಬಂಧಪಟ್ಟ ಎಲ್ಲ ಸಂಗತಿಯನ್ನೂ ಕಚೇರಿಯೇ ಹೊರಗಿಡಬೇಕು, ತೊಂದರೆಗೆ ಒಳಗಾಗುವವರಿಗೆ ಕಾರಣ ಹೇಳಬೇಕು. ಕಾಯ್ದೆ ಬಂದದ್ದು 2005ರಲ್ಲಿ. ನಮ್ಮ ಪುರಸಭೆಯ ನೋಟಿಸ್ ಬೋರ್ಡಿನಲ್ಲಿ ಇವತ್ತು ಇರುವುದು ತೆರಿಗೆ ರಿಯಾಯಿತಿಯ ಪ್ರಕಟಣೆ, ಬಣ್ಣ ಹೋದ ಒಂದು ಡೆಂಗಿ ಪೋಸ್ಟರ್, ಮತ್ತೆ ಬೀಗ ಹಾಕಿದ ಗಾಜಿನ ಹಿಂದೆ ಅಡ್ಡಡ್ಡ ಜಾರಿ ಬಿದ್ದ ಯಾವುದೋ ಟೆಂಡರ್ ಹಾಳೆ. ಅದನ್ನು ಓದಬೇಕಾದರೆ ಕುತ್ತಿಗೆ ತಿರುಗಿಸಬೇಕು. ಸಭೆಯ ಕಾರ್ಯಸೂಚಿ ಏಳು ದಿನ ಮೊದಲು, ನಡವಳಿ ಏಳು ದಿನದೊಳಗೆ ಆ ಬೋರ್ಡಿಗೆ ಬರಲಿ. ಕನ್ನಡದಲ್ಲಿ, ಅರ್ಥವಾಗುವ ಹಾಗೆ. ಒಂದು ಪ್ರತಿ ಮೀನು ಮಾರುಕಟ್ಟೆಯ ಗೋಡೆಗೂ ಅಂಟಿಸಲಿ.

ಈ ಮಾತನ್ನು ನೀವು ಪುರಸಭೆಯಲ್ಲೇ ಹೇಳಬಹುದು. ಶಾಸಕರು ಪುರಸಭೆಯ ಸದಸ್ಯರೂ ಹೌದು. ಅಧ್ಯಕ್ಷರ ಆಯ್ಕೆಯ ದಿನ ನೀವು, ಸಂಸದರು ಬಂದು ಕೈ ಎತ್ತುವುದನ್ನು ಊರು ನೋಡಿದೆ. ಬೇರೆ ದಿನವೂ ಒಮ್ಮೆ ಬನ್ನಿ.

ಸಭೆ ಕರೆದರೆ ಬರೀ ಗಲಾಟೆ, ಕೆಲಸ ಮುಂದೆ ಹೋಗುವುದಿಲ್ಲ ಅನ್ನುವ ಭಯ ಅಧಿಕಾರಿಗಳಿಗೆ ಇರಬಹುದು. ಗಲಾಟೆ ಆಗುತ್ತದೆ, ನಿಜ. ಈಗ ಆಗುವುದು ಕಲ್ಲು ಬಿದ್ದ ಮೇಲೆ, ತಡೆಯಾಜ್ಞೆಯ ರೂಪದಲ್ಲಿ. ಅದಕ್ಕೆ ಜಾಸ್ತಿ ದುಡ್ಡು, ಜಾಸ್ತಿ ಸಮಯ.

ದಂಡೆಯ ಕೆಲಸ ಇನ್ನೂ ದೋಣಿಯ ಜಾಗಕ್ಕೆ ಮುಟ್ಟಿಲ್ಲ. ಕಲ್ಲಿನ ರಾಶಿ ಉತ್ತರ ಬದಿಯಲ್ಲೇ ಇದೆ. ಅದು ಈಚೆ ಬರುವ ಮೊದಲು ಇಂಜಿನಿಯರನ್ನೂ ಗುತ್ತಿಗೆದಾರರನ್ನೂ ಕರೆದುಕೊಂಡು ಒಂದು ಸಂಜೆ ದಂಡೆಗೆ ಬನ್ನಿ. ಭಾನುವಾರ ಆದರೆ ಒಳ್ಳೆಯದು, ಬೆಳಗ್ಗೆ ಮೀನಿಗೆ ಹೋದವರೂ ಅಷ್ಟು ಹೊತ್ತಿಗೆ ಬಂದಿರುತ್ತಾರೆ. ನಕ್ಷೆ ತರಲು ಮರೆಯಬೇಡಿ. ಮಳೆಗಾಲದಲ್ಲಿ ನೀರು ಎಲ್ಲಿಯ ತನಕ ಬರುತ್ತದೆ ಅಂತ ದೋಣಿಯವರೇ ಅದರ ಮೇಲೆ ಗೆರೆ ಹಾಕಿ ಕೊಡುತ್ತಾರೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ