ಜೇಡರ್ ಆಲ್ಬಮ್ಮನ್ನು ಸುಮ್ನೆ ತಳ್ಳಿಹಾಕಬೇಡಿ

ಮಾನ್ಯ ಸಂಪಾದಕರೇ,

ಬೇರೆ ಬೇರೆ ನಾಡಿನ ಸಂಗೀತಗಳನ್ನು ಬೆರೆಸುವ ಫ್ಯೂಷನ್ ಸಂಗೀತದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಕ್ಯಾಲ್ ಜೇಡರ್ ಅವರ ‘ಸೆವೆರಲ್ ಷೇಡ್ಸ್ ಆಫ್ ಜೇಡ್’ ಆಲ್ಬಮ್ಮನ್ನು ಹೋಟೆಲ್ ಲಾಬಿಯ ಸಂಗೀತ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಅದು 1963ರ ಆಲ್ಬಮ್. ಲ್ಯಾಟಿನ್ ಅಮೆರಿಕದ ತಾಳಗಳಿಗೆ ವೈಬ್ರಾಫೋನ್ (ಕೋಲಿನಿಂದ ಬಡಿದು ನುಡಿಸುವ ವಾದ್ಯ) ನುಡಿಸಿ ಹೆಸರಾದ ಅಮೆರಿಕನ್ ಜೇಡರ್. ಆರ್ಕೆಸ್ಟ್ರಾ ಜೋಡಿಸಿದವರು ಅರ್ಜೆಂಟೀನಾದ ಲಾಲೊ ಶಿಫ್ರಿನ್. ಮುಂದೆ ‘ಮಿಷನ್ ಇಂಪಾಸಿಬಲ್’ ಟ್ಯೂನ್ ಕೊಟ್ಟವರು ಇವರೇ. ಏಷ್ಯಾದ ಛಾಯೆ ತರಲು ಹೊರಟ ಈ ಆಲ್ಬಮ್‌ನಲ್ಲಿ ಇವರಿಬ್ಬರೂ ಏಷ್ಯಾವನ್ನು ಬಹಳಷ್ಟು ಕಲ್ಪನೆಯಲ್ಲೇ ಕಟ್ಟಿದರು, ನಿಜ. ಅದರಲ್ಲಿರುವ ರಚನೆಗಳ ಹೆಸರುಗಳನ್ನೇ ನೋಡಿ: ‘ಫಕೀರ್’, ‘ಸಾಹಿಬ್’, ‘ಬೋರ್ನಿಯೊ’, ‘ಹಾಟ್ ಸಾಕೆ’. ‘ಚೈನಾ ನೈಟ್ಸ್’ ಅಂತ ಇರುವುದು ಚೀನಾದ್ದೂ ಅಲ್ಲ, 1938ರ ಜಪಾನಿ ಹಾಡು! ಐದು ಸ್ವರ ಜೋಡಿಸಿದರೆ ಏಷ್ಯಾ ಆಯಿತು ಅನ್ನುವ ಲೆಕ್ಕ ಆ ಕಾಲದ್ದು. ಐದೇ ಸ್ವರದ ಮೋಹನ ರಾಗಕ್ಕೂ ಹಿಂದೋಳ ರಾಗಕ್ಕೂ ಎಷ್ಟು ವ್ಯತ್ಯಾಸ ಅಂತ ನಮಗೆ ಗೊತ್ತು ಅಲ್ವಾ?

ಆದರೂ ಜೇಡರ್ ಅವರ ಕೈಯನ್ನು ಕಿವಿಗೊಟ್ಟು ಕೇಳಿ. ವೈಬ್ರಾಫೋನ್‌ನಲ್ಲಿ ಲೋಹದ ಪಟ್ಟಿಗಳು, ಅವುಗಳ ಕೆಳಗೆ ಕೊಳವೆಗಳು, ಕಾಲಿಗೆ ಒಂದು ಪೆಡಲ್. ಪೆಡಲ್ ಒತ್ತಿದರೆ ನಾದ ಉಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒತ್ತಿಕೊಂಡೇ ಇದ್ದರೆ ಸ್ವರಗಳೆಲ್ಲ ಕಲಸಿಹೋಗುತ್ತವೆ. ಜೇಡರ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಹಿಂದೆ ಆರ್ಕೆಸ್ಟ್ರಾ ಎಷ್ಟೇ ಅಬ್ಬರಿಸಲಿ, ನಾಲ್ಕು ಸ್ವರ ನುಡಿಸಿ ಜಾಗ ಬಿಡುತ್ತಾರೆ. ಆತುರವೇ ಇಲ್ಲ. ಕಲ್ಪನೆಯ ಏಷ್ಯಾ ಎಷ್ಟು ಸುಳ್ಳೋ ಈ ನುಡಿಸಾಣಿಕೆ ಅಷ್ಟೇ ನಿಜ. ಎರಡನ್ನೂ ಹೇಳುವ ವಿಮರ್ಶೆ ನಮಗೆ ಬೇಕು.

ನನಗೆ ಇದಕ್ಕಿಂತ ಜಾಸ್ತಿ ಬೇಸರವಾಗಿದ್ದು ಬೇರೆ ವಿಷಯಕ್ಕೆ. ಜಗತ್ತೆಲ್ಲ ಸುತ್ತಿದ ಲೇಖನ ಬೆಂಗಳೂರಿಗೆ ಮಾತ್ರ ಬರಲೇ ಇಲ್ಲ. ಮೃದಂಗ ವಾದಕ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇಲ್ಲಿಯದೇ; ಅದು ತಾಳವಾದ್ಯ ಕಲಿಸುವ ಶಾಲೆಯೂ ಹೌದು, ವಾದಕರ ತಂಡವೂ ಹೌದು. ಆ ತಂಡ 1983ರಲ್ಲಿ ಜರ್ಮನಿಯಲ್ಲಿ, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಆಲ್ಬಮ್ ಧ್ವನಿಮುದ್ರಿಸಿತು. ಆರ್.ಎ. ರಮಾಮಣಿ ಅವರ ಗಾಯನ, ಮೃದಂಗ, ಘಟ, ಖಂಜಿರ, ಜೊತೆಗೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕೊನ್ನಕ್ಕೋಲು. ಇಲ್ಲಿ ಏಷ್ಯಾವನ್ನು ಯಾರೂ ದೂರದಿಂದ ಊಹಿಸಿಕೊಳ್ಳಬೇಕಿರಲಿಲ್ಲ. ಅದನ್ನು ನುಡಿಸುವವರು ಎದುರಿಗೇ ಕೂತಿದ್ದರು. ಮರಿಯಾನೊ ಕೂಡ ಭಾರತಕ್ಕೆ ಬಂದು ನಾಗಸ್ವರ ಕಲಿತಿದ್ದವರು. ಜೇಡರ್ ಕೇಳಿ ಇದನ್ನು ಹಾಕಿಕೊಳ್ಳಿ, ಇಪ್ಪತ್ತು ವರ್ಷದಲ್ಲಿ ಏನು ಬದಲಾಯಿತು ಅಂತ ಕಿವಿಗೇ ಗೊತ್ತಾಗುತ್ತದೆ.

ದಯವಿಟ್ಟು ಈ ಕಾಲೇಜಿನ ಬಗ್ಗೆ ಪುರವಣಿಯಲ್ಲಿ ಒಂದು ಪೂರ್ತಿ ಪುಟ ಮೀಸಲಿಡಿ. ಅಲ್ಲಿ ಕಲಿತವರನ್ನು ಮಾತನಾಡಿಸಿ. ಲೇಖನದ ಕೆಳಗೆ ಈ ಎರಡೂ ಆಲ್ಬಮ್‌ಗಳ ಹೆಸರು ಹಾಕಿ, ಓದುಗರು ತಾವೇ ಹುಡುಕಿ ಕೇಳಲಿ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು