ಗೇಮಿನೊಳಗೆ ಬಚ್ಚಿಟ್ಟ ಕೋಣೆಗಳನ್ನೂ ಸ್ವಲ್ಪ ನೋಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮಕ್ಕಳ ವಿಡಿಯೋ ಗೇಮ್ ಗೀಳಿನ ಬಗ್ಗೆ ಬಂದ ಲೇಖನ ಓದಿದೆ. ಊಟದ ತಟ್ಟೆ ಮುಂದೆಯೂ ಫೋನ್, ರಾತ್ರಿ ನಿದ್ದೆ ಇಲ್ಲ, ಕರೆದರೆ ಓಗೊಡುವುದಿಲ್ಲ, ಇದೆಲ್ಲ ನಮ್ಮ ಬೀದಿಯಲ್ಲೂ ನೋಡುತ್ತಿರುವುದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೊನೆಯಲ್ಲಿ ಒಂದು ಮಾತು ಬಂತು, ಅದನ್ನು ಒಪ್ಪಲಾಗಲಿಲ್ಲ. ಗೇಮ್ ಆಡುವಾಗ ಮಕ್ಕಳ ತಲೆಗೆ ಕೆಲಸವೇ ಇರುವುದಿಲ್ಲ, ನೆನಪಿಟ್ಟುಕೊಳ್ಳುವ ಅಭ್ಯಾಸವೇ ತಪ್ಪಿಹೋಗುತ್ತದೆ ಅಂತ. ಯಾವ ಗೇಮ್? ಇಡೀ ಲೇಖನದಲ್ಲಿ ಒಂದು ಗೇಮಿನ ಹೆಸರೂ ಇಲ್ಲ. ಸಿನಿಮಾ ನೋಡಿ ಹುಡುಗರು ಕೆಡುತ್ತಾರೆ ಅಂತ ಬರೆಯುವವರು ಕೂಡ ಒಂದೆರಡು ಸಿನಿಮಾ ಹೆಸರು ಹೇಳುತ್ತಾರೆ, ಅಲ್ವಾ?

ನಾನು ಹೇಳಬೇಕೆಂದಿರುವುದು ಇಷ್ಟು. ಒಂದು ಗೇಮ್ ಮಗುವಿನ ತಲೆಗೆ ಕೆಲಸ ಕೊಡುತ್ತದೋ ಇಲ್ಲವೋ ಗೊತ್ತಾಗಬೇಕಾದರೆ ಅದರಲ್ಲಿ ಬಚ್ಚಿಟ್ಟ ಬೋನಸ್ ಕೋಣೆಗಳನ್ನು ನೋಡಬೇಕು. ಮುಖ್ಯ ದಾರಿಯಲ್ಲಿ ಪ್ಲಾಟ್‌ಫಾರ್ಮ್ ಗೇಮ್‌ಗಳೆಲ್ಲ ಸುಮಾರಾಗಿ ಒಂದೇ ಥರ: ಓಡು, ಹಾರು, ಎದುರು ಬಂದವನ ತಲೆ ಮೇಲೆ ಕುಪ್ಪಳಿಸು. ಆದರೆ ಆಡುವವರು ಆ ದಾರಿ ಬಿಟ್ಟು, ಅಲ್ಲಿ ಇಲ್ಲಿ ಹುಡುಕಾಡಿಕೊಂಡು ಒಳಗೆ ಬಂದರೆ ಅವರಿಗೆ ಏನು ಕೊಡಬೇಕು? ಗೇಮ್ ಮಾಡಿದವರು ಇದನ್ನು ಎಷ್ಟು ಯೋಚಿಸಿದ್ದಾರೆ ಅನ್ನುವುದು ಆ ಕೋಣೆಗಳಲ್ಲೇ ಕಾಣುವುದು.

ತೊಂಬತ್ತರ ದಶಕದಲ್ಲಿ ನಮ್ಮೂರುಗಳಿಗೆ 'ಟಿವಿ ಗೇಮ್' ಅಂತ ಒಂದು ಡಬ್ಬಿ ಬಂದಿತ್ತು. ಜಪಾನಿನ ಗೇಮ್ ಕಂಪನಿ ನಿಂಟೆಂಡೋದ ಯಂತ್ರದ ನಕಲು, ಜೊತೆಗೊಂದು ಕ್ಯಾಸೆಟ್. ನಿಮ್ಮ ಓದುಗರಲ್ಲಿ ನಲವತ್ತರ ಆಸುಪಾಸಿನವರಿಗೆ ಚೆನ್ನಾಗಿ ನೆನಪಿರುತ್ತದೆ. ಅದರಲ್ಲಿದ್ದ 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತದಲ್ಲೇ ನಾಲ್ಕನೇ ಪೈಪಿನ ಮೇಲೆ ನಿಂತು ಕೆಳಗಿನ ಬಟನ್ ಒತ್ತಿದರೆ ನೆಲದಡಿಯ ಕೋಣೆಗೆ ಇಳಿಯಬಹುದು, ಅಲ್ಲಿ 19 ನಾಣ್ಯ. ಮುಂದೆ 4-4ರ, ಅಂದರೆ ನಾಲ್ಕನೇ ಲೋಕದ ನಾಲ್ಕನೇ ಹಂತದ, ಕೋಟೆಯಲ್ಲಿ ಮೇಲಿನ ದಾರಿಯೋ ಕೆಳಗಿನ ದಾರಿಯೋ ಅಂತ ಸರಿಯಾಗಿ ಆರಿಸಿಕೊಳ್ಳದಿದ್ದರೆ ಅದೇ ಜಾಗ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಅಲ್ಲಿ ಬೇಕಾದದ್ದು ಬೆರಳಿನ ಚುರುಕಲ್ಲ, ಹೋದ ಸಲ ಎಲ್ಲಿ ತಿರುಗಿದ್ದೆವು ಅನ್ನುವ ನೆನಪು. ಈಗ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುತ್ತಿರುವ ಎಷ್ಟೋ ಜನ ಆ ಗೇಮಿನ ಪೈಪುಗಳನ್ನು ಇವತ್ತಿಗೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಕೇಳಿ ನೋಡಿ ಬೇಕಾದರೆ.

1988ರಲ್ಲಿ ಜಪಾನಿನಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ 3 ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅದರಲ್ಲಿ 80,000 ಅಂಕ ಕೂಡಿದಾಗಲೆಲ್ಲ, ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವ ನಕ್ಷೆಯ ಮೇಲೆ ಒಂದು ಸ್ಪೇಡ್ ಚಿಹ್ನೆ ಬರುತ್ತದೆ. ಒಳಗೆ ಹೋದರೆ 18 ಕಾರ್ಡು, ಎಲ್ಲವೂ ಬೋರಲು. ಎರಡೆರಡು ತಿರುಗಿಸಿ ಜೋಡಿ ಹುಡುಕಬೇಕು: ಅಣಬೆಗೆ ಅಣಬೆ, ಹೂವಿಗೆ ಹೂವು, ನಕ್ಷತ್ರಕ್ಕೆ ನಕ್ಷತ್ರ. ಎರಡು ಸಲ ತಪ್ಪಿದರೆ ಹೊರಗೆ. ಆದರೆ ನೀವು ಹೊಂದಿಸಿದ ಜೋಡಿಗಳು ಮುಂದಿನ ಸಲ ಬಂದಾಗಲೂ ಹಾಗೇ ತೆರೆದಿರುತ್ತವೆ, ಬಿಟ್ಟಲ್ಲಿಂದ ಮುಂದುವರಿಸಬಹುದು. ಅಂದರೆ ನಡುವೆ ಎಷ್ಟೋ ಹಂತ ಆಡಿ ಬಂದ ಮೇಲೂ ಯಾವ ಸಾಲಿನ ಯಾವ ಕಾರ್ಡಿನ ಹಿಂದೆ ಏನಿತ್ತು ಅಂತ ತಲೆಯಲ್ಲಿ ಇಟ್ಟುಕೊಂಡಿರಬೇಕು. ಇನ್ನೂ ಸ್ವಾರಸ್ಯದ ವಿಷಯ ಏನೆಂದರೆ, ಕಾರ್ಡುಗಳನ್ನು ಹರಡುವ ವಿನ್ಯಾಸ ಒಟ್ಟು 8 ಮಾತ್ರ. ತಾಳ್ಮೆಯಿಂದ ಆಡಿದವರಿಗೆ ಇದು ಒಂದು ದಿನ ಹೊಳೆಯುತ್ತದೆ. ಆಮೇಲೆ ಒಂದೆರಡು ಕಾರ್ಡು ತೆರೆದು ನೋಡಿ, ಇದು ಇಂಥ ವಿನ್ಯಾಸ ಅಂತ ಗುರುತು ಹಿಡಿದು, ಉಳಿದದ್ದನ್ನೆಲ್ಲ ಎತ್ತಿಬಿಡಬಹುದು. ಬರೀ ನೆನಪಿನಿಂದ ಶುರುವಾದದ್ದು ಲೆಕ್ಕಾಚಾರಕ್ಕೆ ಬಂದು ನಿಲ್ಲುತ್ತದೆ. ಅಂದಹಾಗೆ ನಿಂಟೆಂಡೋ ಶುರುವಾದದ್ದೇ 1889ರಲ್ಲಿ, ಕ್ಯೋಟೋದಲ್ಲಿ, ಇಸ್ಪೀಟಿನಂಥ ಹನಾಫುದ ಎಲೆ ಮಾಡುವ ಕಂಪನಿಯಾಗಿ.

ಆದರೆ ನನ್ನ ಮಟ್ಟಿಗೆ ಇದರಲ್ಲಿ ಎಲ್ಲಕ್ಕಿಂತ ಮೇಲು ಡಾಂಕಿ ಕಾಂಗ್ ಕಂಟ್ರಿ 3. ಇಂಗ್ಲೆಂಡಿನ ರೇರ್ ಕಂಪನಿ ಮಾಡಿದ ಗೇಮ್, 1996ರ ಕೊನೆಗೆ ಸೂಪರ್ ನಿಂಟೆಂಡೋ ಅನ್ನುವ ಯಂತ್ರಕ್ಕೆ ಬಂತು. ಅಷ್ಟರಲ್ಲಿ ಅದೇ ಕಂಪನಿಯ ಹೊಸ ಯಂತ್ರ ನಿಂಟೆಂಡೋ 64 ಬಂದಿತ್ತು, ಎಲ್ಲರ ಕಣ್ಣೂ ಅದರ ಮೇಲೆ, ಹಾಗಾಗಿ ಈ ಗೇಮಿಗೆ ಸಿಗಬೇಕಾದಷ್ಟು ಮರ್ಯಾದೆ ಸಿಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇದರಲ್ಲಿ ಎರಡು ಥರದ ಗುಪ್ತ ಜಾಗಗಳಿವೆ. ಒಂದು, ಹಂತದೊಳಗೆ ಅಡಗಿಸಿಟ್ಟ ಬೋನಸ್ ಪೀಪಾಯಿಗಳು. ಅವುಗಳಲ್ಲಿ ನಕ್ಷತ್ರ ಬಾಚಿಕೊಳ್ಳುವುದು, 15 ಹಸಿರು ಬಾಳೆಹಣ್ಣು ಹಿಡಿಯುವುದು, ಇಂಥವು. ಗಡಿಯಾರ ಓಡುತ್ತಿರುತ್ತದೆ, ಕೈ ಚುರುಕಾಗಿರಬೇಕು. ಇನ್ನೊಂದು ಗುಹೆಗಳು. ಇವು ಹಂತದೊಳಗೆ ಇಲ್ಲವೇ ಇಲ್ಲ. ನಕ್ಷೆಯ ಮೇಲೆ ದೋಣಿ ಓಡಿಸುತ್ತಾ, ಇಲ್ಲೇನಿರಬಹುದು ಅಂತ ದಡ ದಡಕ್ಕೂ ಹೋಗಿ ಇಣುಕಿದರೆ ಸಿಗುತ್ತವೆ. ಕೆಲವಕ್ಕೆ ಹೋಗಲು ಜಲಪಾತ ಹತ್ತುವ ಗಾಡಿಯೇ ಬೇಕು, ಅದನ್ನು ಸಂಪಾದಿಸಿಕೊಂಡ ಮೇಲೆ ಮತ್ತೆ ಹಳೆಯ ಜಾಗಗಳಿಗೆ ಬರಬೇಕು.

ಗುಹೆಯೊಳಗೆ ಒಂದು ಬನಾನಾ ಬರ್ಡ್, ಅಂದರೆ ಬಾಳೆಹಣ್ಣಿನ ಹಕ್ಕಿ, ಸೆರೆಯಲ್ಲಿರುತ್ತದೆ. ಬಣ್ಣಬಣ್ಣದ ಹರಳುಗಳು ಒಂದಾದ ಮೇಲೆ ಒಂದು ಹೊಳೆಯುತ್ತವೆ. ಯಾವ ಕ್ರಮದಲ್ಲಿ ಹೊಳೆದವೋ ಅದೇ ಕ್ರಮದಲ್ಲಿ ಬಟನ್ ಒತ್ತಬೇಕು. ಅಷ್ಟೇ. ಅಲ್ಲಿ ಶತ್ರು ಇಲ್ಲ, ಹಾರುವುದಿಲ್ಲ, ಬೀಳುವುದಿಲ್ಲ. ಗದ್ದಲದ ಗೇಮಿನ ನಡುವೆ ಬಂದು ಸುಮ್ನೆ ನಿಂತು ಗಮನಿಸಬೇಕು. ಇಂಥ ಹಕ್ಕಿಗಳು ಒಟ್ಟು 15, ಕೆಲವು ಗುಹೆಯಿಂದಲ್ಲದೆ ಬೇರೆ ರೀತಿಯಲ್ಲೂ ಸಿಗುತ್ತವೆ. ಎಲ್ಲವನ್ನೂ ಬಿಡಿಸಿದರೆ ಅವುಗಳ ತಾಯಿಯನ್ನು ಬಿಡಿಸಬಹುದು, ಗೇಮಿನ ನಿಜವಾದ ಮುಕ್ತಾಯ ಸಿಗುವುದೂ ಆಗಲೇ. ಎಷ್ಟೇ ಚೆನ್ನಾಗಿ ಓಡಿ ಹಾರಿದರೂ ನೆನಪಿನ ಆಟ ಬಿಟ್ಟವರಿಗೆ ಆ ಮುಕ್ತಾಯ ಇಲ್ಲ. ಇದನ್ನು ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ.

ಹೊರದೇಶದಲ್ಲಿರುವ ತಮ್ಮ ತಂದುಕೊಟ್ಟ ನಿಂಟೆಂಡೋ ಸ್ವಿಚ್ ಅನ್ನುವ ಗೇಮ್ ಯಂತ್ರ ನಮ್ಮ ಮನೆಯಲ್ಲಿದೆ. ಚಂದಾ ಕಟ್ಟಿದರೆ ಈ ಹಳೆಯ ಗೇಮ್ ಅದರಲ್ಲಿ ಸಿಗುತ್ತದೆ. ರಜೆಗೆ ಬಂದಿದ್ದ ಅಕ್ಕನ ಮಗಳು ಆರನೇ ಕ್ಲಾಸು. ಗುಹೆಯಲ್ಲಿ ಅವಳು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಮೊದಮೊದಲು ಪರದೆ ನೋಡುತ್ತಾ "ಕೆಂಪು, ಹಸಿರು, ಹಸಿರು" ಅಂತ ಗೊಣಗುತ್ತಿದ್ದಳು. ಸಾಲು ಉದ್ದವಾದಂತೆ ಅದು ಕೈ ಕೊಟ್ಟಿತು, ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಹರಳು ಹೊಳೆದು ಹೋಗಿರುತ್ತಿತ್ತು. ಆಮೇಲೆ ಬಾಯಿ ಮುಚ್ಚಿಕೊಂಡು, ಹೆಬ್ಬೆರಳನ್ನು ಬಟನ್ ಮೇಲೆ ಒತ್ತದೆ ಹಾಗೇ ಆಡಿಸುತ್ತಾ ನೋಡತೊಡಗಿದಳು. ಕೊನೆಗೆ ಮೂರು ಮೂರಾಗಿ ಒಡೆದುಕೊಂಡಳು: ಮೂರು ಹರಳಿಗೊಮ್ಮೆ ತಲೆ ಆಡಿಸುವುದು, ಮತ್ತೆ ಮೂರು. ಯಾರೂ ಹೇಳಿಕೊಟ್ಟಿರಲಿಲ್ಲ. ಹಕ್ಕಿ ಬಿಡುಗಡೆಯಾದಾಗ ಅವಳ ಮುಖ ನೋಡಿದ್ದರೆ ನಿಮ್ಮ ಲೇಖಕರು ಆ ಕೊನೆಯ ಸಾಲು ಬರೆಯುತ್ತಿರಲಿಲ್ಲ ಅನಿಸುತ್ತದೆ.

ಅವಳು ಮಾಡಿದ್ದನ್ನೇ ಮನಶ್ಶಾಸ್ತ್ರದವರು ಹೇಳುತ್ತಾರೆ. ಜಾರ್ಜ್ ಮಿಲ್ಲರ್ ಅನ್ನುವವರು 1956ರಲ್ಲಿ ಬರೆದ ಹೆಸರಾಂತ ಪ್ರಬಂಧ ಇದರ ಬಗ್ಗೆಯೇ. ನಾವು ಒಮ್ಮೆಗೆ ತಲೆಯಲ್ಲಿ ಹಿಡಿದಿಡಬಲ್ಲದ್ದು ಸುಮಾರು ಏಳು ಸಂಗತಿ, ಆದರೆ ಅವನ್ನು ಗುಂಪು ಕಟ್ಟಿಕೊಂಡರೆ ಜಾಸ್ತಿ ಹಿಡಿಸುತ್ತದೆ ಅಂತ. ನಾವು ಮೊಬೈಲ್ ನಂಬರನ್ನು ಐದೈದು ಅಂಕೆಯಾಗಿ ಹೇಳುವುದೂ ಇದೇ ಕಾರಣಕ್ಕೆ.

ಈ ಆಟದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಬೆಳಕಿನ ಕ್ರಮ ನೋಡಿ ಮತ್ತೆ ಒತ್ತುವ ಈ ಆಟ ಅಮೆರಿಕದಲ್ಲಿ 1978ರಲ್ಲಿ 'ಸೈಮನ್' ಅನ್ನುವ ಹೆಸರಿನ ಆಟಿಕೆಯಾಗಿ ಮನೆಮಾತಾಯಿತು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬರು ರಾಲ್ಫ್ ಬೇರ್. ಟಿವಿಗೆ ಜೋಡಿಸಿ ಮನೆಯಲ್ಲಿ ಆಡುವ ಮೊದಲ ವಿಡಿಯೋ ಗೇಮ್ ಯಂತ್ರ, 1972ರ ಮ್ಯಾಗ್ನವಾಕ್ಸ್ ಒಡಿಸ್ಸಿ, ಅದರ ಹಿಂದಿದ್ದವರೂ ಇವರೇ. ಸೈಮನ್‌ಗೆ ನಾಲ್ಕು ಸ್ವರ ಬೇಕಿತ್ತು, ಯಾವ ಕ್ರಮದಲ್ಲಿ ಬಂದರೂ ಕಿವಿಗೆ ಹಿತವಾಗಿರಬೇಕಿತ್ತು. ಅದಕ್ಕೆ ಬೇರ್ ಸೈನ್ಯದಲ್ಲಿ ಊದುವ ಬ್ಯೂಗಲ್‌ನ ಸ್ವರಗಳನ್ನು ಆರಿಸಿಕೊಂಡರು. ಜೊತೆಗೆ ಆ ಆಟಿಕೆಯಲ್ಲಿ ಒಂದೊಂದು ಬಟನ್‌ಗೂ ಬೇರೆ ಬಣ್ಣ, ಬೇರೆ ಸ್ವರ, ಬೇರೆ ಜಾಗ. ಬಣ್ಣ ಸರಿಯಾಗಿ ಕಾಣದ ಮಗು ಜಾಗ ನೋಡಿ ಆಡಬಹುದು, ಕಿವಿ ಮಂದವಾದ ಮಗು ಬೆಳಕು ನೋಡಿ ಆಡಬಹುದು. ಮನೆಯ ವಿಡಿಯೋ ಗೇಮನ್ನು ಹುಟ್ಟುಹಾಕಿದ ಮನುಷ್ಯನೇ ನೆನಪಿನ ಆಟಕ್ಕೂ ಇಷ್ಟು ಯೋಚನೆ ಹಾಕಿದ್ದಾರೆ. ಹೀಗಿರುವಾಗ ಇವೆರಡೂ ಒಂದಕ್ಕೊಂದು ವೈರಿ ಅಂತ ಬರೆಯುವುದು ಹೇಗೆ ಸರಿ?

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಗೇಮ್ ಆಡಿದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಹರಳಿನ ಆಟ ಆಡಿದವರು ಹರಳಿನ ಆಟದಲ್ಲಿ ಚುರುಕಾಗುತ್ತಾರೆ, ಅದು ಹಾಗೇ ಗಣಿತಕ್ಕೂ ಇತಿಹಾಸಕ್ಕೂ ಹರಿದುಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮಿದುಳಿಗೆ ತರಬೇತಿ ಅಂತ ಆ್ಯಪ್ ಮಾರುತ್ತಿದ್ದ ಲುಮಾಸಿಟಿ ಕಂಪನಿ 2016ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು, ಜಾಹೀರಾತಿನಲ್ಲಿ ಹೇಳಿದ್ದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರ ಇರಲಿಲ್ಲ ಅಂತ. ಜ್ಞಾಪಕಶಕ್ತಿ ದುಪ್ಪಟ್ಟು ಮಾಡುತ್ತೇವೆ ಅನ್ನುವ ಕರಪತ್ರಗಳು ನಮ್ಮ ಊರುಗಳಲ್ಲೂ ಹಂಚಿಕೆಯಾಗುತ್ತವೆ, ಅವನ್ನೂ ಇದೇ ಕಣ್ಣಿನಿಂದ ನೋಡಬೇಕು. ನಾನು ಹೇಳುವುದು ಇದಕ್ಕಿಂತ ಚಿಕ್ಕ ಮಾತು: ಆ ಹೊತ್ತಿನಲ್ಲಿ ಮಗು ಗಮನ ಕೊಟ್ಟು, ತಪ್ಪಿ, ತನ್ನದೇ ಉಪಾಯ ಹುಡುಕಿಕೊಂಡು ಗೆಲ್ಲುತ್ತದೆ. ಆ ಖುಷಿಗೆ ಅದರದೇ ಬೆಲೆ ಇದೆ. ಎಲ್ಲವೂ ಮಾರ್ಕ್ಸಿಗೇ ಬಂದು ಸೇರಬೇಕಾ?

ಈಗ ಫೋನಿನಲ್ಲಿ ಪುಕ್ಕಟೆ ಸಿಗುವ ಎಷ್ಟೋ ಓಡುವ ಹಾರುವ ಗೇಮ್‌ಗಳನ್ನು ತೆಗೆದು ನೋಡಿ. ಅಲ್ಲೂ ಬೋನಸ್ ಇರುತ್ತದೆ. ಪೆಟ್ಟಿಗೆ ಮುಟ್ಟಿದರೆ ಒಂದು ಜಾಹೀರಾತು, ಅದು ಮುಗಿಯುವವರೆಗೆ ಕಾಯಬೇಕು, ಮುಚ್ಚುವ ಗುರುತು ಎಲ್ಲೋ ಮೂಲೆಯಲ್ಲಿ ಚುಕ್ಕೆಯಷ್ಟು. ಮುಗಿದರೆ ಒಂದಿಷ್ಟು ನಾಣ್ಯ ಸುರಿಯುತ್ತದೆ. ಹುಡುಕಿದ್ದೇನೂ ಇಲ್ಲ, ನೆನಪಿಟ್ಟದ್ದೇನೂ ಇಲ್ಲ. ಕಾಯಲು ಮನಸ್ಸಿಲ್ಲದಿದ್ದರೆ ಅಪ್ಪನ ಯುಪಿಐ ಇದೆ. ನನ್ನ ಸಿಟ್ಟು ಇರುವುದು ಇದರ ಮೇಲೆ, ಮತ್ತು ಲೇಖನ ಹಿಡಿಯಬೇಕಾಗಿದ್ದ ಕಳ್ಳನೂ ಇವನೇ. ಬನಾನಾ ಬರ್ಡ್ ಗುಹೆಯಲ್ಲಿ ದುಡ್ಡು ಕೊಟ್ಟು ಹಕ್ಕಿ ಬಿಡಿಸುವ ದಾರಿಯೇ ಇಲ್ಲ. ಒಳ್ಳೆಯ ಗೇಮನ್ನೂ ಕೆಟ್ಟ ಗೇಮನ್ನೂ ಒಂದೇ ಬುಟ್ಟಿಗೆ ಹಾಕಿ ಬೈದರೆ ತಂದೆತಾಯಿ ಏನು ಮಾಡುತ್ತಾರೆ? ಎರಡನ್ನೂ ಕಿತ್ತುಕೊಳ್ಳುತ್ತಾರೆ, ಇಲ್ಲವೇ ಬೇಸತ್ತು ಎರಡನ್ನೂ ಬಿಟ್ಟುಬಿಡುತ್ತಾರೆ. ಎರಡರಲ್ಲೂ ಮಗುವಿಗೆ ನಷ್ಟವೇ.

ಹಳೆಯ ಗೇಮ್ ಆಡಿಸುವ ಮನೆಯವರಿಗೂ ಒಂದು ವಿನಂತಿ. ಸ್ವಿಚ್‌ನಲ್ಲಿ ಆಟವನ್ನು ಹಿಂದಕ್ಕೆ ತಿರುಗಿಸುವ ಸೌಲಭ್ಯ ಇದೆ, ಯೂಟ್ಯೂಬ್‌ನಲ್ಲಿ ಗುಹೆಗಳ ಜಾಗ ತೋರಿಸುವ ವಿಡಿಯೋಗಳಿವೆ. ಹಳ್ಳ ದಾಟಲಾಗದೆ ಅಳು ಬಂದಾಗ ಅವನ್ನು ಬಳಸಲಿ, ಪರವಾಗಿಲ್ಲ. ನೆನಪಿನ ಆಟದಲ್ಲಿ ಮಾತ್ರ ಬೇಡ. ಪಕ್ಕದಲ್ಲಿ ಕೂತು "ಈಗ ಹಸಿರು ಒತ್ತು" ಅಂತ ಹೇಳಿಕೊಡುವುದಂತೂ ಬೇಡವೇ ಬೇಡ. ತಪ್ಪಲಿ, ಬಿಡಿ.

ಸಂಪಾದಕರೇ, ನಿಮ್ಮ ಪತ್ರಿಕೆಯಿಂದ ನನಗೆ ಬೇಕಾಗಿರುವುದು ಇಷ್ಟೇ: ವಾರಕ್ಕೊಂದು ಗೇಮ್ ಪರಿಚಯ. ಸಿನಿಮಾ ವಿಮರ್ಶೆಗೆ ಕೊಡುವ ಜಾಗದ ಕಾಲು ಭಾಗ ಸಾಕು. ಯಾವ ವಯಸ್ಸಿನವರಿಗೆ, ಎಷ್ಟು ದುಡ್ಡು, ಜಾಹೀರಾತು ಬರುತ್ತದೋ ಇಲ್ಲವೋ, ಒಳಗೆ ಮಗು ಏನು ಮಾಡಬೇಕಾಗುತ್ತದೆ, ಇಷ್ಟು ಇರಲಿ. ಆಡಿ ನೋಡಿದವರೇ ಬರೆಯಲಿ. ಯಾರೂ ಸಿಗದಿದ್ದರೆ ಮೊದಲ ಕೆಲವನ್ನು ನಾನೇ ಬರೆದು ಕಳಿಸುತ್ತೇನೆ, ಸಂಭಾವನೆ ಬೇಡ.

ಇಂತಿ,
ನಿಮ್ಮ ಹಳೆಯ ಓದುಗ,
ದಾವಣಗೆರೆ