ಕೋಲಾರದಿಂದ ಆ ಅಕ್ಕನಿಗೆ

ನಿಮ್ಮ ಹೆಸರು ಕೇಳೋಕೂ ಆಗ ನನಗೆ ಬಾಯಿ ಬರಲಿಲ್ಲ ಅಕ್ಕಾ. ವಿಚಾರಣಾಧೀನ ಕೈದಿಯಾಗಿ ಜೈಲಿನೊಳಗೆ ಹೋದ ಮೊದಲ ತಿಂಗಳು ನಿದ್ದೆಯಿಲ್ಲ, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜೊತೆಯವರು ‘ನಾಟಕ ಆಡ್ತಾಳೆ’ ಅಂದರು. ಕೈದಿಗಳ ಕಷ್ಟ ಕೇಳೋಕೆ ಜೈಲಲ್ಲಿದ್ದ ನೀವು ಮಾತ್ರ ಬಂದು ಗೋಡೆಗೊರಗಿ ನನ್ನ ಪಕ್ಕ ನೆಲದ ಮೇಲೆ ಕೂತಿರಿ. ಫೈಲು ತೆರೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ‘ಮಗು ಯಾರ ಹತ್ರ ಇದೆಯಮ್ಮಾ?’ ಅಂದಿರಿ. ಅಲ್ಲಿವರೆಗೆ ಎಲ್ಲರೂ ಕೇಳಿದ್ದು ಕೇಸಿನ ವಿಚಾರ ಮಾತ್ರ. ಆರು ವರ್ಷದೊಳಗಿನ ಮಕ್ಕಳನ್ನು ತಾಯಿಯ ಜೊತೆ ಜೈಲಲ್ಲಿ ಇರಿಸಿಕೊಳ್ಳಬಹುದು. ನನ್ನವಳಿಗೆ ಏಳು ತುಂಬಿತ್ತು. ಅವತ್ತು ಅತ್ತ ಅಳುವಿಗೆ ನಿಮ್ಮ ಸೆರಗು ನೆಂದುಹೋಯಿತು.

ಡಾಕ್ಟರ ಹತ್ತಿರ ತೋರಿಸಿದಿರಿ. ಮಾತ್ರೆ ಕೆಲಸ ಮಾಡೋಕೆ ಎರಡು ಮೂರು ವಾರ ಬೇಕು, ನಡುವೆ ಬಿಡಬೇಡ ಅಂತ ಬೆರಳೆಣಿಸಿ ಹೇಳಿದಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕೈದಿಗೂ ಚಿಕಿತ್ಸೆಯ ಹಕ್ಕಿದೆ, ‘ಭಿಕ್ಷೆ ಅಂದ್ಕೋಬೇಡ’ ಅಂದಿದ್ದು ಇನ್ನೂ ಕಿವಿಯಲ್ಲಿದೆ. ಬಿಡುಗಡೆ ದಿನ ಚೀಟಿಯಲ್ಲಿ 14416 ಬರೆದುಕೊಟ್ಟಿರಿ, ಮನಸ್ಸಿನ ಕಷ್ಟಕ್ಕೆ ಫೋನಲ್ಲೇ ನೆರವು ಕೊಡುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು. ಎರಡು ರಾತ್ರಿ ಅದಕ್ಕೆ ಫೋನ್ ಮಾಡಿದ್ದೇನೆ.

ಈಗ ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ. ಮಗಳು ನನ್ನ ಮಗ್ಗುಲಲ್ಲೇ ಮಲಗ್ತಾಳೆ. ನಿಮಗೆ ಕೈ ಮುಗಿದೆ ಅಕ್ಕಾ.